ಆತಿಥೇಯರ ಮನೆನುಡಿ

ಸ್ಪ್ಯಾನಿಷ್ ಕಲಿತು ಸ್ಪೇನಿನ ಬಾರ್ಸಿಲೋನಾಕ್ಕೆ ಓದಲು ಹೋದ ವಿದ್ಯಾರ್ಥಿಗೆ ಮೊದಲ ದಿನಗಳಲ್ಲೇ ಅಚ್ಚರಿಯೊಂದು ಎದುರಾಗುತ್ತದೆ. ಬೀದಿಯ ಫಲಕದಲ್ಲಿ ‘ಕಾಯೆ’ ಬದಲು ‘ಕಾರೆರ್’ ಎಂದಿರುತ್ತದೆ. ಅಂಗಡಿಯಾತ ‘ಬ್ವೆನೊಸ್ ದಿಯಾಸ್’ ಎನ್ನದೆ ‘ಬೊನ್ ದಿಯಾ’ ಎನ್ನುತ್ತಾನೆ. 1450ರಲ್ಲಿ ಸ್ಥಾಪಿತವಾದ ಬಾರ್ಸಿಲೋನಾ ವಿಶ್ವವಿದ್ಯಾನಿಲಯದಲ್ಲಿಯೂ ಅನೇಕ ತರಗತಿಗಳು ನಡೆಯುವುದು ಕತಲಾನ್ ಭಾಷೆಯಲ್ಲಿಯೇ. ‘ಸ್ಪ್ಯಾನಿಷಿಗಾಗಿ ಬಂದವರಿಗೆ ಇದೇಕೆ?’ ಎಂಬ ಗೊಣಗಾಟ ಅಲ್ಲಿಂದ ಮೊದಲಾಗುತ್ತದೆ.

ಗೊಣಗಾಟ ಸಹಜ, ಆದರೆ ನ್ಯಾಯವಲ್ಲ. 1939ರಿಂದ 1975ರವರೆಗಿನ ಫ್ರಾಂಕೋ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳಿಂದ ಹೊರದೂಡಲ್ಪಟ್ಟ ಆ ನುಡಿ ಮನೆಗಳಲ್ಲಿ ಜೀವ ಹಿಡಿದು ನಿಂತಿತು. 1979ರ ಸ್ವಾಯತ್ತತಾ ಶಾಸನದಿಂದ ಅದಕ್ಕೆ ಸ್ಪ್ಯಾನಿಷಿನ ಜೊತೆಗೆ ಅಧಿಕೃತ ಸ್ಥಾನ ಲಭಿಸಿತು. ಅಲ್ಲಿನ ಜನ ಸ್ಪ್ಯಾನಿಷನ್ನೂ ಬಲ್ಲರು. ಪರದೇಶದವರೊಡನೆ ಸಾಮಾನ್ಯವಾಗಿ ಅದನ್ನೇ ಆಡುತ್ತಾರೆ. ಆ ಸೌಜನ್ಯವನ್ನು ತನ್ನ ಹಕ್ಕೆಂದು ಅತಿಥಿ ಭಾವಿಸಲಾಗದು.

ಆರು ತಿಂಗಳ ಮಟ್ಟಿಗೆ ಬಂದ ವಿದ್ಯಾರ್ಥಿ ಎರಡು ಭಾಷೆಗಳಲ್ಲಿ ಪರಿಣತಿ ಪಡೆಯುವುದು ಕಷ್ಟವೆಂಬುದು ನಿಜ. ಆದರೆ ಫಲಕ ಓದುವಷ್ಟು, ನೆರೆಯವರಿಗೆ ವಂದನೆ ಹೇಳುವಷ್ಟು ಕಲಿಯಲು ಒಂದೆರಡು ವಾರ ಸಾಕು.

ಹೊರನಾಡ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಮುಂಬಯಿಯಲ್ಲಿ ಹಿಂದಿಯಿಂದ ದಿನ ಕಳೆಯಬಹುದು. ಆದರೆ ಮರಾಠಿ ನೆರೆಮನೆಯ ಆಪ್ತತೆ ದೊರೆಯುವುದು ಮರಾಠಿಯಿಂದಲೇ. ಪರನಾಡಿನಲ್ಲಿ ಕನ್ನಡಕ್ಕೆ ಮನ್ನಣೆ ಬಯಸುವವರು ಆತಿಥೇಯರ ಮನೆನುಡಿಗೂ ಅದೇ ಮನ್ನಣೆಯನ್ನು ಸಲ್ಲಿಸಬೇಕು. ಆದುದರಿಂದ ನಮ್ಮ ಸ್ಪ್ಯಾನಿಷ್ ತರಗತಿಗಳು ಬಾರ್ಸಿಲೋನಾಕ್ಕೆ ಹೊರಟವರಿಗೆ ಕತಲಾನಿನ ನಾಲ್ಕು ಪಾಠಗಳನ್ನಾದರೂ ಹೇಳಿಕೊಟ್ಟು ಕಳುಹಿಸುವುದು ಒಳಿತು.