ರುಬ್ಬುವ ಯಂತ್ರವೂ ಯಂತ್ರವೇ



ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಯಂತ್ರದ ಭಯಭಕ್ತಿ ಎರಡೂ ಇತ್ತು. ತಿರುಗುವ ಪಟ್ಟೆಯ ಬಳಿ ಧೋತರದ ಚುಂಗು ಸುಳಿಯಬಾರದೆಂದು ಅವರಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ. ಹೋಟೆಲಿನವರಾದ ನಾವು ಗ್ರೈಂಡರನ್ನು ಇನ್ನೂ ಪಾತ್ರೆಗಳ ಲೆಕ್ಕಕ್ಕೇ ಸೇರಿಸಿದ್ದೇವೆ. ಗ್ರೈಂಡರು, ಮಿಕ್ಸರು, ನೀರೇರಿಸುವ ಪಂಪು, ಹೊಗೆ ಎಳೆಯುವ ಫ್ಯಾನು, ಇವೆಲ್ಲದರ ಒಳಗೂ ಒಂದೊಂದು ಮೋಟಾರಿದೆ. ಅರ್ಧ ಕುದುರೆಶಕ್ತಿಯದಾದರೇನು, ಅದಕ್ಕೆ ಬರುವುದು 230 ವೋಲ್ಟು. ನಮ್ಮ ಕಾಲಡಿಯಲ್ಲಾದರೋ ಸದಾ ನೀರು.

ಪ್ಲಗ್ಗಿನ ಮೂರನೆಯ ಕಡ್ಡಿ ಏತಕ್ಕೆಂದು ಅನೇಕರು ಕೇಳುತ್ತಾರೆ. ಒಳಗಿನ ತಂತಿ ಸವೆದು ಯಂತ್ರದ ಮೈಗೆ ತಾಗಿದರೆ, ಆ ವಿದ್ಯುತ್ತು ಮೂರನೆಯ ತಂತಿಯ ಮೂಲಕ ಭೂಮಿಗೆ ಹೋಗಿ ಫ್ಯೂಸು ಹಾರುತ್ತದೆ. ಆ ತಂತಿ ಇಲ್ಲದಿದ್ದರೆ ಯಂತ್ರ ಎಂದಿನಂತೆ ತಿರುಗುತ್ತಲೇ ಇರುತ್ತದೆ. ಮೊದಲು ಮುಟ್ಟಿದವನ ಮೈಯೇ ಭೂಮಿಗೆ ದಾರಿಯಾಗುತ್ತದೆ. ಎಷ್ಟು ಅಡುಗೆಮನೆಗಳಲ್ಲಿ ಪ್ಲಗ್ಗನ್ನೇ ಕಿತ್ತೆಸೆದು, ಬರಿ ತಂತಿಯನ್ನು ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸಿಲ್ಲ! ಫ್ಯೂಸು ಪದೇ ಪದೇ ಹಾರುತ್ತದೆಂದು ದಪ್ಪ ತಂತಿ ಸುತ್ತುವ ಜಾಣರೂ ಇದ್ದಾರೆ. ಫ್ಯೂಸು ಹಾರುವುದು ದೂರು ಹೇಳಲಿಕ್ಕೆ. ದೂರು ಕೇಳದೆ ಬಾಯಿ ಕಟ್ಟಿದರೆ ತಂತಿ ಬೆಂದು ಬೆಂಕಿ ಹತ್ತುತ್ತದೆ.

ಮೋಟಾರು ಗುಂಯ್‌ಗುಟ್ಟುತ್ತ ತಿರುಗದೆ ನಿಂತರೆ ಕೈಯಿಂದ ನೂಕಬೇಡಿ. ಆಗ ಅದು ಮಾಮೂಲಿಗಿಂತ ಐದಾರು ಪಟ್ಟು ವಿದ್ಯುತ್ತು ಎಳೆಯುತ್ತಿರುತ್ತದೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಮೇಲೆ ಹಿಟ್ಟು ತೆಗೆಯಿರಿ. ಕೆಲವು ಮೋಟಾರುಗಳು ಬಿಸಿಯಾದಾಗ ತಾವೇ ನಿಂತು, ತಣ್ಣಗಾದ ಮೇಲೆ ಯಾರಿಗೂ ಹೇಳದೆ ತಾವೇ ಹೊರಡುತ್ತವೆ. ಕೈ ಕಲ್ಲಿನ ನಡುವೆ ಇರುವಾಗ ಹಾಗಾದರೆ ಬೆರಳು ಉಳಿಯುವುದಿಲ್ಲ. ತೊಳೆಯುವಾಗಲೂ ಇದೇ ಕ್ರಮ. ಮೋಟಾರಿರುವ ಭಾಗಕ್ಕೆ ನೀರು ಎರಚದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕೆಪಾಸಿಟರೆಂಬ ಡಬ್ಬಿಯಲ್ಲಿ ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ಉಳಿದಿರಬಹುದು. ಅದನ್ನು ಬಿಚ್ಚುವ ಕೆಲಸ ಮಿಸ್ತ್ರಿಯದು. ಮಿಕ್ಸರಿನ ಒಳಗೆ ಸದಾ ಸಣ್ಣ ಕಿಡಿ ಹಾರುತ್ತಿರುತ್ತದೆ. ಗ್ಯಾಸಿನ ವಾಸನೆ ಬಂದಾಗ ಅದರ ಸ್ವಿಚ್ಚಿನ ಗೊಡವೆ ಬೇಡ.

ಹೆಚ್ಚಿನ ಕಡೆ ಹೆಚ್ಚುವರಿ ಮೋಟಾರು ಬಿದ್ದಿರುವುದು ಮೋರಿಯ ಪಕ್ಕದ ಮೂಲೆಯಲ್ಲಿ. ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ಅದರ ಸುರುಳಿ ತೇವ ಹೀರುತ್ತದೆ. ನೆಲದಿಂದ ಎತ್ತರಕ್ಕೆ, ಹಲಗೆಯ ಮೇಲೆ, ಗಾಳಿಯಾಡುವಂತೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗೇ ಬೆವರುತ್ತದೆ. ಮತ್ತೆ ಹೂಡುವ ಮುನ್ನ ಮಿಸ್ತ್ರಿಯಿಂದ ಮೆಗ್ಗರು ಹಚ್ಚಿಸಿ ನೋಡಬೇಕು.

ಇನ್ನು ಕಾಯಿದೆಯ ಮಾತು. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಯಂತ್ರದ ಅಪಾಯಕರ ಭಾಗಗಳಿಗೆ ಬೇಲಿ ಹಾಕಿಸಿತು. ಆದರೆ ಅದರ ಪ್ರಕಾರ ಹೋಟೆಲು ಕಾರ್ಖಾನೆಯಾಗಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯಲ್ಲಿಯೂ ಅಲ್ಲ. ಆದರೂ 10 ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ಕೆಲಸದ ಸ್ಥಳವನ್ನು ಅಪಾಯವಿಲ್ಲದಂತೆ ಇಡುವುದು ಮಾಲಿಕರ ಕರ್ತವ್ಯವೆಂದು ಈ ಸಂಹಿತೆ ಹೇಳುತ್ತದೆ. ಎಂಟು ಮಂದಿಯ ಹೋಟೆಲಿನವನ ಬೆರಳಿಗೆ ಬೆಲೆ ಇಲ್ಲವೇ? ಅಲ್ಲಿ ಕಾಯಿದೆಯ ದಾರಿ ಕಾಯದೆ ಸಂಘವೇ ಮಾತಾಡಬೇಕಾಗಿದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಯಂತ್ರಕ್ಕೂ ಸರಿಯಾದ ಅರ್ಥಿಂಗು, ಪಟ್ಟೆಗೆ ಮುಚ್ಚಳ, ಕೈಗೆಟುಕುವಲ್ಲಿ ಸ್ವಿಚ್ಚು, ಮತ್ತು 30 ಮಿಲಿಯಾಂಪಿನಷ್ಟು ಸೋರಿದರೂ ಕಡಿಯುವ ಬ್ರೇಕರು. ಖರ್ಚು ಧಣಿಗಳದು. ಬ್ರೇಕರಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಹೊಣೆ ನಮ್ಮದಿರಲಿ. ಊರಿಂದ ಹೊಸದಾಗಿ ಬಂದ ತಮ್ಮನನ್ನು ಮೊದಲ ದಿನವೇ ಗ್ರೈಂಡರು ತೊಳೆಯಲು ಕಳಿಸುವ ವಾಡಿಕೆಯನ್ನು ನಿಲ್ಲಿಸಬೇಕಾದವರೂ ನಾವೇ. ನಿಮ್ಮ ಹೋಟೆಲಿನಲ್ಲಿ ಇವುಗಳಲ್ಲಿ ಯಾವುದಿಲ್ಲವೆಂದು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಿರಿ. ಬರೆದವರ ಹೆಸರು ಧಣಿಗಳಿಗೆ ತಿಳಿಯದು.