ಶೇಂಗಾ ಕಾಳಿನ ಆಯ್ಕೆಯೂ ಮನೆಯ ಆರೋಗ್ಯವೂ

ಧಾರವಾಡ ಪ್ರಾಂತದ ಊಟದಲ್ಲಿ ಶೇಂಗಾಕ್ಕೆ ಇರುವ ಸ್ಥಾನವು ಸರ್ವರಿಗೂ ವಿದಿತವೇ ಇದೆ. ನಾಗರಪಂಚಮಿಗೆ ಶೇಂಗಾ ಉಂಡಿ, ಎಳ್ಳಮಾವಾಸ್ಯೆಯ ಚರಗಕ್ಕೆ ಶೇಂಗಾ ಹೋಳಿಗೆ, ದಿನನಿತ್ಯದ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ. ಇವಿಲ್ಲದ ಒಕ್ಕಲು ಮನೆಯು ವಿರಳ. ದಕ್ಷಿಣ ಅಮೇರಿಕದ ಮೂಲದ ಈ ಬೆಳೆಯು ಇಲ್ಲಿಯ ಹಬ್ಬಗಳೊಳಗೆ ಹೀಗೆ ಬೆರೆತುಹೋಗಿರುವದು.

ಆದರೆ ಇಷ್ಟು ಆದರದ ಪದಾರ್ಥವನ್ನು ಮನೆಗೆ ಇಟ್ಟುಕೊಳ್ಳುವ ರೀತಿಯು ವಿಚಾರಾರ್ಹವಾಗಿದೆ. ದುಂಡಾದ ಕಾಳು ಹುಬ್ಬಳ್ಳಿಯ ಪೇಟೆಗೆ ಹೋಗುವದು. ಮುರುಟಿದ, ಒಡೆದ, ಬಣ್ಣಗೆಟ್ಟ ಕಾಳು ಮನೆಯ ಒರಳಿಗೂ ದನದ ಗೋದಲಿಗೂ ಬೀಳುವದು. ಕೂಲಿಯವರ ಉಡಿಗೆ ಬೀಳುವದೂ ಅನೇಕ ಕಡೆಗೆ ಅದೇ. ಈ ಮಿತವ್ಯಯವು ಮೇಲುನೋಟಕ್ಕೆ ಜಾಣತನವಾಗಿ ತೋರಿದರೂ ಪರಿಣಾಮದಲ್ಲಿ ದೊಡ್ಡ ಹಾನಿಯಾಗಿರುವದು.

1960ರಲ್ಲಿ ಇಂಗ್ಲೆಂಡ ದೇಶದೊಳಗೆ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಬ್ರೆಝಿಲ್‌ದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟಿನ ವಿಷವೇ ಇದಕ್ಕೆ ಕಾರಣವೆಂದು ಶೋಧದಿಂದ ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ಈ ವಿಷವು ಯಕೃತ್ತನ್ನು ಕೆಡಿಸುವದು. ಬಹುಕಾಲ ಹೊಟ್ಟೆಗೆ ಹೋದರೆ ಅಲ್ಲಿ ಅರ್ಬುದರೋಗಕ್ಕೂ ಕಾರಣವಾಗುವದು. ಕಾಳು ಹುರಿದರೂ ಇದು ಪೂರ್ತಿಯಾಗಿ ನಾಶವಾಗದು. ಗಾಣದಲ್ಲಿ ಎಣ್ಣೆ ತೆಗೆದಾಗ ಇದರ ಬಹುಭಾಗವು ಹಿಂಡಿಯಲ್ಲಿಯೇ ಉಳಿದು, ಅದನ್ನು ತಿಂದ ಆಕಳು ಎಮ್ಮೆಗಳ ಹಾಲಿನೊಳಗೂ ಇಳಿಯುವದು. ರೊಟ್ಟಿಯ ಹಿಂಡಿಗೂ ದನದ ಹಿಂಡಿಗೂ ಈ ಭಾಗದಲ್ಲಿ ಹೆಸರು ಒಂದೇ. ಕೆಟ್ಟ ಕಾಳಿನ ಫಲವೂ ಎರಡರಲ್ಲಿ ಒಂದೇ.

ಹಿರಿಯರು ಇದನ್ನೇ ತಿಂದು ಬಾಳಲಿಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಒಂದೇ ದಿನದಲ್ಲಿ ಕೊಲ್ಲುವ ವಿಷವನ್ನು ಜನರು ತಾವಾಗಿಯೇ ದೂರವಿಡುವರು; ವರ್ಷಗಟ್ಟಲೆ ಕಾಣದಂತೆ ಕೆಡಿಸುವದನ್ನು ಯಾರೂ ಗುರುತಿಸುವದಿಲ್ಲ. ಈ ಆಕ್ಷೇಪಕ್ಕೆ ಉತ್ತರವು ಇಷ್ಟೇ.

ಬೂಷ್ಟು ಹತ್ತುವದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ನೀರಿನ ಅಭಾವ, ಕೀಳುವಾಗ ಕಾಯಿಗೆ ತಗಲುವ ಗಾಯ, ಒಕ್ಕುವ ಕಾಲದ ಮಳೆ, ಅರೆಬರೆ ಒಣಗಿಸಿ ಚೀಲ ತುಂಬುವದು, ಸುಲಿಯಲು ಸುಲಭವಾಗಲೆಂದು ಕಾಯಿಗಳನ್ನು ತೋಯಿಸುವದು, ಇವು ಮುಖ್ಯವಾದವು. ಪಂಚಮಿಯ ಉಂಡಿಗೆ ಹಿಂದಿನ ಹಂಗಾಮಿನ ಕಾಳೇ ಬೇಕಾಗುವದರಿಂದ, ಆಷಾಢ ಶ್ರಾವಣಗಳ ತಂಪಿನಲ್ಲಿ ಅದು ಕೆಡುವ ಭಯವು ವಿಶೇಷವಾಗಿದೆ. ಮಕ್ಕಳು ಹೆಚ್ಚಾಗಿ ತಿನ್ನುವದೂ ಆ ಉಂಡಿಯನ್ನೇ.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ.ಬಿ.ಡಿ.-4 ತಳಿಯು ಎಲೆಚುಕ್ಕೆ ಮತ್ತು ತುಕ್ಕುರೋಗಗಳನ್ನು ತಾಳಿಕೊಳ್ಳುವದು. ಆದರೆ ಒಳ್ಳೆಯ ತಳಿಯನ್ನು ಬಿತ್ತಿದವನಿಗೂ ಒಣಗಿಸುವ ಹೊಣೆಯು ತಪ್ಪದು. ಕಾಳಿನ ತೇವಾಂಶವು ನೂರಕ್ಕೆ 8 ಪಾಲಿಗಿಂತ ಕೆಳಗೆ ಇಳಿಯಬೇಕು. ಕಾಯಿಯನ್ನು ಅಲುಗಿಸಿದರೆ ಕಾಳು ಸಪ್ಪಳ ಮಾಡಬೇಕು; ಕಾಳನ್ನು ಬೆರಳಿನಲ್ಲಿ ತಿಕ್ಕಿದರೆ ಸಿಪ್ಪೆಯು ಸುಲಭವಾಗಿ ಬಿಡಬೇಕು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಒಟ್ಟತಕ್ಕದ್ದು. ಬೂಷ್ಟು ಹತ್ತಿದ ಮತ್ತು ಬಣ್ಣಗೆಟ್ಟ ಕಾಳುಗಳನ್ನು ಆಯ್ದು ಸುಡತಕ್ಕದ್ದು, ದನಗಳಿಗೂ ಹಾಕಬಾರದು.

ಈ ಪದ್ಧತಿಯು ಬದಲಾಗಬೇಕಾದರೆ ಊರ ಹಿರಿಯರೂ ಜಮೀನುದಾರರೂ ಮೊದಲು ಮೇಲ್ಪಂಕ್ತಿ ಹಾಕಿಕೊಡಬೇಕು. ಕಾಯಿ ಒಣಗಿಸಲು ಊರಿಗೆ ಒಂದು ಸ್ವಚ್ಛವಾದ ಸಾರ್ವಜನಿಕ ಕಣವಿರುವದು ಅವಶ್ಯವು. ಪೇಟೆಗೆ ಕಳಿಸುವ ಮೊದಲು ವರ್ಷದ ಮನೆಬಳಕೆಯ ಕಾಳನ್ನೂ ಬೀಜದ ಕಾಯಿಯನ್ನೂ ಉತ್ತಮ ರಾಶಿಯಿಂದಲೇ ತೆಗೆದಿಡತಕ್ಕದ್ದು. ಕೂಲಿಗೆ ಕೊಡುವ ಕಾಳೂ ಅದೇ ರಾಶಿಯದಾಗಿರಬೇಕು. ಇದರಿಂದ ಆಗುವ ನಷ್ಟವು ಕೆಲವೇ ಸೇರಿನದು. ಪೇಟೆಯವನು ಬೇಡವೆಂದು ತಿರಸ್ಕರಿಸಿದ ಕಾಳನ್ನು ಸ್ವಂತ ಮಕ್ಕಳಿಗೂ, ಹೊಲದಲ್ಲಿ ದುಡಿದವರ ಮಕ್ಕಳಿಗೂ ಉಣಿಸುವದು ಉಳಿತಾಯವೆನಿಸಲಾರದು.