ಹಳೇ ಗೇರ್ ಎಣ್ಣೆ ಎಲ್ಲಿಗೆ ಹೋಯಿತು?

ಗಾಡಿಯ ಗೇರ್ ಆಯಿಲ್ ಬದಲಾಯಿಸಿದ್ದಾಯ್ತು ಅಂದರೆ ನಮ್ಮ ಕಡೆ ಏನರ್ಥ? ಹೊಸದು ಸುರಿದದ್ದಾಯ್ತು, ಬೋಲ್ಟು ಬಿಗಿದದ್ದಾಯ್ತು, ದುಡ್ಡು ಕೊಟ್ಟದ್ದಾಯ್ತು. ಕೆಳಗೆ ತಟ್ಟೆಯಲ್ಲಿ ಉಳಿದ ಹಳೇ ಎಣ್ಣೆಯ ಮಾತನ್ನು ಯಾರೂ ಎತ್ತುವುದಿಲ್ಲ. ಆ ಎಣ್ಣೆ ಸರಿಯಾದ ಜಾಗ ಸೇರುವವರೆಗೆ ಕೆಲಸ ಮುಗಿದಿಲ್ಲ ಎಂಬುದು ನನ್ನ ವಾದ. ತಾಳಮಲೆ, ತಾಳವಾಡಿ, ಹಾಸನೂರು ಕಡೆಯ ಮಕ್ಕಳಾದ ನೀವು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಈ ಎಣ್ಣೆಯ ಕೆಲಸ ತಿಳಿಯಿರಿ. ನಮ್ಮ ಹಳೇ ಜೀಪುಗಳಲ್ಲಿ ಕ್ಲಚ್ ಒತ್ತಿ ಕೈಯಲ್ಲಿ ಗೇರ್ ಹಾಕುತ್ತಾರೆ. ಆದರೆ ತಾನೇ ಗೇರ್ ಬದಲಿಸುವ ಕಾರು ಇಂದಿನದೇನಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 1940ರ ಮಾದರಿಯಲ್ಲೇ ಅಂಥ ಗೇರ್‌ಬಾಕ್ಸ್ ಬಂದಿತ್ತು. ಅದರಲ್ಲಿ ಕಾಲಿನಿಂದ ಒತ್ತುವ ಕ್ಲಚ್ ಇಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಒಂದು ದುಂಡನೆಯ ಡಬ್ಬಿ ಇರುತ್ತದೆ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ ಎಂಜಿನ್ ತಳ್ಳಿದ ಎಣ್ಣೆ ಗೇರಿನ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಗೇರ್ ಬದಲಿಸಲು ಒತ್ತಡ ಕೊಡುವುದೂ ಅದೇ ಎಣ್ಣೆ, ತಂಪು ಮಾಡುವುದೂ ಅದೇ, ಸವೆತ ತಡೆಯುವುದೂ ಅದೇ.

ಬಣ್ಣಾರಿಯಿಂದ ದಿಂಬಂವರೆಗೆ 27 ಕಡಿದಾದ ತಿರುವುಗಳು. ಭಾರ ಹೊತ್ತ ಗಾಡಿ ನಿಧಾನವಾಗಿ ಘಾಟಿ ಹತ್ತುವಾಗ ಈ ಎಣ್ಣೆ ಬಹಳ ಬಿಸಿಯಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಆಮ್ಲಜನಕದೊಂದಿಗೆ ಬೇಗ ಸೇರಿ ಕೆಡುತ್ತದೆ. ಸೋರಿದರೆ ಗುರುತು ಸಿಗಲಿ ಅಂತ ಹೊಸ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಹಾಕಿರುತ್ತಾರೆ. ಕೆಟ್ಟ ಮೇಲೆ ಅದು ಕಂದಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಲೋಹದ ಪುಡಿ, ಒಳಗಿನ ಬಿಲ್ಲೆಗಳು ಸವೆದ ಪುಡಿ ಅದರಲ್ಲಿ ಸೇರಿರುತ್ತದೆ. ಬದಲಾಯಿಸಲೇಬೇಕು.

ಬದಲಾಯಿಸುವುದೂ ಒಂದು ಪ್ರಯೋಗದಂತೆಯೇ. ನೆಲ ಸಮತಟ್ಟಾಗಿರಬೇಕು. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ನುಗ್ಗಬಾರದು, ಸ್ಟ್ಯಾಂಡ್ ಕೊಡಬೇಕು. ಎಣ್ಣೆ ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ, ಕೈ ಸುಡುವಷ್ಟು ಬಿಸಿ ಬೇಡ. ಫಿಲ್ಟರ್ ತೊಳೆಯಬೇಕು ಇಲ್ಲವೇ ಬದಲಿಸಬೇಕು. ಇಳಿದದ್ದನ್ನು ಅಳೆಯಬೇಕು, ಯಾಕೆಂದರೆ ಸಾಕಷ್ಟು ಎಣ್ಣೆ ಆ ಡಬ್ಬಿಯೊಳಗೇ ಉಳಿಯುತ್ತದೆ. ಎಷ್ಟು ಬಂತೋ ಅಷ್ಟನ್ನು ಹಾಕಿ, ಆಮೇಲೆ ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಮಟ್ಟ ನೋಡಬೇಕು. ಎಣ್ಣೆಯ ಜಾತಿಯೂ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು.

ಇಷ್ಟೆಲ್ಲ ಜೋಪಾನ ಮಾಡುವವರೇ ಅಳೆದ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ಹೇಗೆ? "ನಾಲ್ಕು ಲೀಟರ್ ತಾನೆ, ಮಣ್ಣು ಕುಡಿದುಕೊಳ್ಳುತ್ತೆ ಬಿಡಿ" ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೋರಿಸುವ ಎಣ್ಣೆಯ ಪೊರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ತೆಳುವಾಗಿರಬಹುದು. 4 ಲೀಟರ್ ಅಂದರೆ 0.004 ಘನ ಮೀಟರ್. ಅದನ್ನು ಆ ದಪ್ಪದಿಂದ ಭಾಗಿಸಿದರೆ 4,000 ಚದರ ಮೀಟರ್, ಹೆಚ್ಚುಕಡಿಮೆ ಒಂದು ಎಕರೆ. ಒಂದು ಗಾಡಿಯ ಎಣ್ಣೆ ಒಂದು ಎಕರೆ ಕೆರೆಯನ್ನು ಮುಚ್ಚಬಲ್ಲದು. ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹತ್ತಲ್ಲ ಅಂತ ಕೆಲವರು ಒಯ್ಯುತ್ತಾರೆ. ಮಳೆ ಹೊಡೆದಾಗ ಅದೂ ಮಣ್ಣಿಗೇ ಇಳಿಯುತ್ತದೆ.

ನಾವಿರುವುದು ನೀರಿನ ತಲೆಕಡೆ. ನಮ್ಮ ಮಲೆಯಿಂದ ಉತ್ತರಕ್ಕೆ ಹರಿದ ನೀರು ಚಾಮರಾಜನಗರದ ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳಿಗೆ ಹೋಗುತ್ತದೆ. ದಕ್ಷಿಣಕ್ಕೆ ಇಳಿದದ್ದು ಮಾಯಾರ್ ಕಣಿವೆ ಸೇರಿ ಭವಾನಿಸಾಗರಕ್ಕೆ ಹೋಗುತ್ತದೆ. ನಡುವೆ ಹುಲಿ ಸಂರಕ್ಷಿತ ಕಾಡು. ಹಳ್ಳದ ನೀರನ್ನೇ ಆನೆ, ಜಿಂಕೆ, ದನಕರು ಎಲ್ಲ ಕುಡಿಯಬೇಕು. ಅದಕ್ಕೇ ನೀವು ಮೊದಲು ಕೇಳಬೇಕು ಅಂದದ್ದು.

ಮೆಕ್ಯಾನಿಕ್ ಅಣ್ಣನನ್ನು ಬೈದರೆ ಪ್ರಯೋಜನವಿಲ್ಲ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ ಎಂದು 2016ರ ಕೇಂದ್ರ ನಿಯಮ ಹೇಳುತ್ತದೆ. ಅದರ ಮರುಬಳಕೆಯ ಹೊಣೆಯನ್ನು 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ಆದರೆ ನಾಲ್ಕು ಲೀಟರಿಗಾಗಿ ಯಾರು ಘಾಟಿ ಹತ್ತಿ ಬರುತ್ತಾರೆ? ಡ್ರಮ್ ತುಂಬಿದರೆ ಮಾತು ಬೇರೆ, ಆಗ ಅದಕ್ಕೆ ಬೆಲೆಯಿದೆ. ಸಾರಿಗೆ ಬಸ್ಸಿನ ಡಿಪೋಗಳಲ್ಲಿ ಹಳೇ ಎಣ್ಣೆ ಕೂಡಿಟ್ಟು ಮಾರುವ ಪದ್ಧತಿ ಇದ್ದೇ ಇದೆ. ಅದನ್ನು ಶುದ್ಧಿ ಮಾಡಿ ಮತ್ತೆ ಎಣ್ಣೆಯಾಗಿಸಬಹುದು. ನಮ್ಮ ವರ್ಕ್‌ಶಾಪುಗಳೆಲ್ಲ ಸೇರಿ ಒಂದು ಕಡೆ ಒಂದೇ ಡ್ರಮ್ ಇಡಲಿ, ಪಂಚಾಯಿತಿ ಅದಕ್ಕೆ ಮಳೆ ಬೀಳದ ಜಾಗ ಕೊಡಲಿ.

ಇದೆಲ್ಲ ಆಗದ ಮಾತು ಅನ್ನುವವರಿಗೆ ಒಂದು ಸಂಗತಿ ಹೇಳಿ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಈ ಗೇರ್ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಆ ತಿಮಿಂಗಿಲ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿ ಅದರ ಎಣ್ಣೆ ನಿಂತಾಗ ರಸಾಯನಶಾಸ್ತ್ರಜ್ಞರು ಬದಲಿ ಕಂಡುಹಿಡಿದರು. ಕಾರುಗಳೇನೂ ನಿಂತುಹೋಗಲಿಲ್ಲ. ನಮಗೆ ಬೇಕಿರುವುದು ಹೊಸ ರಸಾಯನವೂ ಅಲ್ಲ, ಒಂದು ಡ್ರಮ್ ಅಷ್ಟೇ.

ಈ ವಾರ ನಿಮ್ಮೂರ ವರ್ಕ್‌ಶಾಪಿಗೆ ಹೋಗಿ, "ಅಣ್ಣ, ತಿಂಗಳಿಗೆ ಎಷ್ಟು ಲೀಟರ್ ಹಳೇ ಎಣ್ಣೆ ಬರುತ್ತೆ, ಎಲ್ಲಿ ಹಾಕ್ತೀರಿ?" ಅಂತ ಕೇಳಿ. ಎಣ್ಣೆ ಮುಟ್ಟಬೇಡಿ, ಬರೆದುಕೊಂಡು ಬನ್ನಿ. ಎಲ್ಲ ಊರಿನ ಲೆಕ್ಕ ಕೂಡಿಸಿ ಎಷ್ಟು ಎಕರೆ ಆಗುತ್ತದೆ ನೋಡಿ, ಆ ಲೆಕ್ಕದ ಸಮೇತ ಪಂಚಾಯಿತಿಗೆ ಅರ್ಜಿ ಬರೆಯಿರಿ.